ಚನ್ನಾಜಮ್ಮನ ಡಿಕ್ಕಿ ಬಾಗಿಲು

ಹೂಂ ಅನ್ನೋರು ಇದ್ರೆ ಹೇಳ್ತೀನಿ, ಆಕಳಿಸೋರು ಇದ್ರೆ ಇಲ್ಲ. ಹೂಂ ಅಂತೀರಾ? ಹಂಗಾದ್ರೆ ಕೇಳಿ.

ಚನ್ನಾಜಮ್ಮ ಅಂತ ಒಬ್ಬಾಕೆ ಇದ್ಲು. ಗಂಡ ತೀರಿಕೊಂಡಾಗ ಆಕೆಗೆ ಉಳಿದದ್ದು ಎರಡೇ, ಒಂದು ಹಳೇ ಕಾರು, ಒಬ್ಬ ಮಗ ಬೋರಲಿಂಗ. ಎರಡನ್ನೂ ತಳ್ಳಿದ್ರೇನೇ ಮುಂದಕ್ಕೆ ಹೋಗೋದು. ಮಗ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನ ಮಾಡ್ತಾನೆ. ಹೇಳಿದ್ದನ್ನೇ ಮಾಡ್ತಾನೆ. ಅದೇ ಆ ತಾಯಿಯ ಕರ್ಮ!

ದಿನಾ ಬೆಳಿಗ್ಗೆ ಚನ್ನಾಜಮ್ಮ ಕಾರು ಓಡಿಸಿಕೊಂಡು ಹೋಗಿ ಕೋರ್ಟಿನ ಗೇಟಿನ ಹತ್ರ ನಿಲ್ಲಿಸ್ತಿದ್ಲು. ಹಿಂದಿನ ಡಿಕ್ಕಿ ಬಾಗಿಲು ಮೇಲಕ್ಕೆತ್ತಿದ್ರೆ ಅದೇ ಸೂರು, ಅದೇ ಅಂಗಡಿ. ತಟ್ಟೆ ಇಡ್ಲಿ, ಕೆಂಪು ಚಟ್ನಿ, ಲಾಯರ್ರು ಕಕ್ಷಿದಾರರು ಎಲ್ಲಾ ಅಲ್ಲೇ. ಆದ್ರೆ ಆ ಬಾಗಿಲನ್ನ ಎತ್ತಿ ಹಿಡಿಯೋಕೆ ಅತ್ಲಾಗೊಂದು ಇತ್ಲಾಗೊಂದು ಗ್ಯಾಸ್ ರಾಡು ಇರ್ತವಲ್ಲ, ಅವಕ್ಕೆ ವಯಸ್ಸಾಗಿತ್ತು. ಒಳಗಿದ್ದ ಗ್ಯಾಸೆಲ್ಲ ಹೋಗಿ, ಎತ್ತಿದ ಬಾಗಿಲು ಧಡ್ ಅಂತ ಕೆಳಕ್ಕೆ ಬರ್ತಿತ್ತು.

"ನೀನು ಹಿಡ್ಕೊಂಡು ನಿಂತ್ಕೊಳೋ" ಅಂದ್ಲು ಚನ್ನಾಜಮ್ಮ. ಬೋರಲಿಂಗ ಹಿಡ್ಕೊಂಡು ನಿಂತ. ಒಂದು ಗಂಟೆ ಹೊತ್ತು ನಿಂತ. ಪಾಪ, ಕೈ ನೋವು ಅಂತ ಒಂದು ಮಾತು ಅನ್ನಲಿಲ್ಲ. ಅಷ್ಟರಲ್ಲಿ ಲಾಯರ್ ರುದ್ರಾರಾಧ್ಯರು ಬಂದ್ರು. ಲಾಯರ್ರ ಸಂಘಕ್ಕೆ ಅವರೇ ಅಧ್ಯಕ್ಷರು, ಗೇಟಿನ ಹತ್ರ ಯಾರು ನಿಲ್ಲಬೇಕು ಅನ್ನೋದು ಅವರ ಮಾತೇ. ಬೋಳುತಲೆ ಬಗ್ಗಿಸಿ ಚಟ್ನಿ ಡಬ್ಬಿಗೆ ಕೈ ಹಾಕಿದ್ರು. ಬೋರಲಿಂಗ ನೋಡಿದ. ದೊಡ್ಡೋರು ಬಂದ್ರೆ ಎರಡೂ ಕೈ ಎತ್ತಿ ಮುಗೀಬೇಕು ಅಂತ ಚಿಕ್ಕಂದಿನಲ್ಲಿ ಅವ್ವ ಹೇಳಿಕೊಟ್ಟಿದ್ಲಲ್ಲ!

"ನಮಸ್ಕಾರ ಸ್ವಾಮಿ!" ಅಂದ. ಎರಡೂ ಕೈ ಮುಗಿದ. ಧಡ್!

"ಚನ್ನಾಜಮ್ಮಾ!" ಲಾಯರ್ರ ತಲೆ ಮೇಲೆ ಬೋರೆಹಣ್ಣಿನಷ್ಟು ಬುಗುಟು. "ಸೋಮವಾರ ಬರ್ತೀನಿ. ಇನ್ನೊಂದೇ ಒಂದ್ಸಲ ಇದು ನನ್ನ ತಲೆ ಮೇಲೆ ಬಿತ್ತೋ, ನಿನ್ನ ಕಾರು ಈ ಗೇಟಿನ ಹತ್ರ ಇರಲ್ಲ, ನೆನಪಿಟ್ಕೋ!"

ಆ ಜಾಗ ಹೋದ್ರೆ ತಾಯಿ ಮಗ ತಿನ್ನೋದೇನು? ಚನ್ನಾಜಮ್ಮ ಶನಿವಾರ ಎದ್ದವಳೇ ಒಂದು ಹಳೇ ರಾಡು ಬಿಚ್ಚಿ ಮಗನ ಕೈಗೆ ಕೊಟ್ಲು. "ಖಲಂದರ್ ಸಾಬ್ರ ಕಾರು ಸಾಮಾನಿನ ಅಂಗಡಿಗೆ ಹೋಗು. ಇದನ್ನ ತೋರ್ಸು. ಥೇಟ್ ಇಂಥದ್ದೇ ಎರಡು ತಗೊಂಡು ಬಾ."

ಸಾಬ್ರು ಹೊಸ ರಾಡು ತೋರಿಸಿದ್ರು. ಬೋರಲಿಂಗ ಅಮುಕಿ ನೋಡಿದ. ಹಳೇದು ಒಂದೇ ಬೆರಳಿಗೆ ಒಳಕ್ಕೆ ಹೋಗುತ್ತೆ, ಹೊಸದು ಜಪ್ಪಯ್ಯ ಅಂದ್ರೂ ಹೋಗಲ್ಲ. "ಇದು ಇಂಥದ್ದಲ್ಲ ಸಾಬ್ರೇ" ಅಂದವನೇ ಗುಜರಿ ಅಂಗಡಿಗೆ ಹೋದ. ಹುಡುಕಿ ಹುಡುಕಿ, ಅಷ್ಟೇ ಮೆತ್ತಗಿರೋ, ಅಷ್ಟೇ ಎಣ್ಣೆ ಸೋರೋ ಎರಡು ರಾಡು ಆರಿಸಿ ತಂದ!

"ಅಯ್ಯೋ ನನ್ನ ಹೊಟ್ಟೆ ಉರಿಸೋನೇ! ಅಮುಕಿದ್ರೆ ಬಗ್ಗಬಾರದು ಕಣೋ! ಗಟ್ಟಿ ಇರಬೇಕು, ಗಟ್ಟಿ!"

"ಮೊದಲೇ ಹಂಗನ್ನಬೇಕಿತ್ತಲ್ಲವ್ವ" ಅಂತ ಬೋರಲಿಂಗ ಮತ್ತೆ ಹೋದ. ಅಮುಕಿದ್ರೆ ಒಂದಿಷ್ಟೂ ಬಗ್ಗದೇ ಇರೋದು ಪೇಟೆಯಲ್ಲೆಲ್ಲ ಒಂದೇ ಸಿಕ್ತು. ಮನೆ ಕಟ್ಟೋರು ಹಾಕೋ ಕಬ್ಬಿಣದ ಸರಳು. ಹೆಗಲ ಮೇಲೆ ಎರಡು ಸರಳು ಹೊತ್ಕೊಂಡು ಬಂದ!

"ಇದನ್ನ ಹಾಕಿದ್ರೆ ಬಾಗಿಲು ಮುಚ್ಚೋದು ಹೆಂಗೋ, ನಿಮ್ಮಪ್ಪ ಬಂದು ಮುಚ್ತಾನಾ?" ಚನ್ನಾಜಮ್ಮ ಹಣೆ ಹಣೆ ಚಚ್ಚಿಕೊಂಡ್ಲು. ಹಳೇ ರಾಡನ್ನ ಮತ್ತೆ ಸಿಕ್ಕಿಸಿ, ತಾನೇ ಚಪ್ಪಲಿ ಮೆಟ್ಟಿ ಹೋಗಿ, ಹೊಸ ಜೋಡಿ ರಾಡು ತಂದ್ಲು.

ಭಾನುವಾರ ಬಾಗಿಲು ಎತ್ತಿ, ಬಿದಿರಿನ ಕೋಲು ಕೊಟ್ಟು ನಿಲ್ಲಿಸಿದ್ಲು. "ಸಾಬ್ರು ಹೇಳವ್ರೆ, ಎರಡೂ ಒಟ್ಟಿಗೆ ಬಿಚ್ಚಬಾರದಂತೆ. ಒಂದು ಬಿಚ್ಚು, ಒಂದು ಹಾಕು. ತಿಳೀತಾ?"

"ತಿಳೀತವ್ವ."

ಸ್ಕ್ರೂ ಡ್ರೈವರಿನಿಂದ ಕ್ಲಿಪ್ಪು ಎಬ್ಬಿಸಿ ಒಂದು ರಾಡು ಬಿಚ್ಚಿದ. ಟಕ್ ಅಂತ ಅದನ್ನೇ ಹಾಕಿದ. ಇನ್ನೊಂದು ಬಿಚ್ಚಿದ. ಟಕ್, ಅದನ್ನೇ ಹಾಕಿದ. ಬಿಚ್ಚಿದ, ಹಾಕಿದ. ಬಿಚ್ಚಿದ, ಹಾಕಿದ. ಚನ್ನಾಜಮ್ಮ ಅಕ್ಕಿ ಉದ್ದು ನೆನೆಹಾಕಿ ಬಂದು ನೋಡ್ತಾಳೆ, ಮಗ ಬೆವರಿನಲ್ಲಿ ತೊಯ್ದು ಹೋಗವ್ನೆ, ಹೊಸ ರಾಡು ಕಾಗದದೊಳಗೆ ಮಲಗಿವೆ!

"ಮುಗೀತೇನೋ?"

"ಎಷ್ಟು ಸಲ ಅಂತ ನೀನು ಹೇಳಲಿಲ್ಲವಲ್ಲವ್ವ!"

ಆಕೆಗೆ ಪಿತ್ತ ನೆತ್ತಿಗೇರಿತು. ಸಾಬ್ರ ಮಾತೂ ಮರೆತುಹೋಯ್ತು. "ಹಳೇದನ್ನೆಲ್ಲ ತೆಗೆದು ಆಚೆ ಬಿಸಾಕೋ! ಕಾರಲ್ಲಿ ಹೊಸದು ಮಾತ್ರ ಇರಬೇಕು!" ಅಂತ ಕೂಗಿ, ಡಿಕ್ಕಿಯೊಳಗೆ ತಲೆ ಹಾಕಿ ಚಟ್ನಿ ಕಲೆ ಒರೆಸೋಕೆ ಶುರುಮಾಡಿದ್ಲು. ಬೋರಲಿಂಗ ಒಂದು ಹಳೇ ರಾಡು ಬಿಸಾಕಿದ. ಇನ್ನೊಂದೂ ಬಿಸಾಕಿದ. ಸುತ್ತ ನೋಡಿದ. ಬಿದಿರಿನ ಕೋಲು ಅಜ್ಜನ ಕಾಲದ್ದು. ಅದನ್ನೂ ಎಳೆದು ಬಿಸಾಕಿದ.

ಧಡ್!

"ಸತ್ತೇನಪ್ಪೋ!"

"ಕೋಲು ಬಲು ಹಳೇದಲ್ವೇನವ್ವ?"

"ಬಾಗಿಲು ಕೆಳಕ್ಕೆ ಬರೋಕೆ ಮುಂಚೆ ಕೂಗಬೇಡವೇನೋ? ‘ತಲೆ ಹುಷಾರು’ ಅಂತ ಒಂದ್ಸಲ ಜೋರಾಗಿ ಕೂಗಬೇಡವೇನೋ, ಮಂಕೇ!"

"ಆಗಲವ್ವ, ಇನ್ಮೇಲೆ ಕೂಗ್ತೀನಿ."

ಬುಗುಟು ಸವರಿಕೊಂಡು ಚನ್ನಾಜಮ್ಮ ಬಾಗಿಲಿಗೆ ಮತ್ತೆ ಕೋಲು ಕೊಟ್ಟು, ತಾನೇ ಎರಡೂ ಹೊಸ ರಾಡು ಸಿಕ್ಕಿಸಿದ್ಲು. ಟಕ್, ಟಕ್. ಕೋಲು ತೆಗೆದ್ಲು, ಬಾಗಿಲು ನಿಂತ್ಕೊಂಡಿತು! ತಳ್ಳಿದ್ರೂ ಅಲ್ಲಾಡಲಿಲ್ಲ. ಆಕೆ ಕಣ್ಣಲ್ಲಿ ನೀರೇ ಬಂತು. "ಮುಚ್ಚೋ ಮಗನೇ, ಒಳಗೆ ಹೋಗಾನ" ಅಂದ್ಲು. ಬೋರಲಿಂಗ ಬಾಗಿಲ ಮುಂದೆ ಕೈಕಟ್ಟಿ ನಿಂತ. ನಿಂತೇ ನಿಂತ.

"ಏನೋ ಮಾಡ್ತಿದ್ದೀಯಾ?"

"ಬೀಳಲಿ ಅಂತ ಕಾಯ್ತಿದ್ದೀನವ್ವ. ಯಾಕೋ ಬೀಳ್ತಾನೇ ಇಲ್ಲ."

"ಹೊಸ ರಾಡು ಕಣೋ! ಇನ್ಮೇಲೆ ತಾನಾಗೇ ಬೀಳಲ್ಲ, ನೀನೇ ಹಿಡಿದು ಎಳೀಬೇಕು!"

"ಹೌದಾ? ಸರಿ ಬಿಡವ್ವ."

ಸೋಮವಾರ ಬಂತು. ರುದ್ರಾರಾಧ್ಯರೂ ಬಂದ್ರು. ದೂರದಲ್ಲೇ ನಿಂತು ಬಾಗಿಲನ್ನ ಮೇಲೆ ಕೆಳಗೆ ನೋಡಿದ್ರು. ಫೈಲಿನಿಂದ ಒಂದ್ಸಲ ತಿವಿದ್ರು. ಅಲ್ಲಾಡಲಿಲ್ಲ. "ಪರವಾಗಿಲ್ಲವೇ ಚನ್ನಾಜಮ್ಮ!" ಅಂತ ನಕ್ಕರು. ಚನ್ನಾಜಮ್ಮನಿಗೆ ಹೋದ ಜೀವ ಬಂದಂಗಾಯ್ತು. "ಇನ್ನು ಹತ್ತು ವರ್ಷ ಇದು ಬೀಳಲ್ಲ ಸ್ವಾಮಿ, ಧೈರ್ಯವಾಗಿ ಚಟ್ನಿ ಹಾಕ್ಕೊಳ್ಳಿ" ಅಂದ್ಲು. ಲಾಯರ್ರು ತಲೆ ಬಗ್ಗಿಸಿದ್ರು.

ಬೋರಲಿಂಗ ನೋಡಿದ. ಲಾಯರ್ರು ತಲೆ ಬಗ್ಗಿಸಿದ್ರೆ ಬಾಗಿಲು ಬೀಳುತ್ತೆ, ಅವನು ಕಂಡದ್ದೇ ಅಷ್ಟು. ಇವತ್ತು ಬೀಳಲಿಲ್ಲ. ಅವನಿಗೆ ಗಾಬರಿಯಾಯ್ತು. ಥಟ್ಟನೆ ನೆನಪಾಯ್ತು. ಇನ್ಮೇಲೆ ತಾನಾಗೇ ಬೀಳಲ್ಲ, ನೀನೇ ಎಳೀಬೇಕು ಅಂದಿದ್ಲಲ್ಲ ಅವ್ವ! ಎಳೆಯೋಕೆ ಮುಂಚೆ ಕೂಗು ಅಂದಿದ್ಲಲ್ಲ!

"ತಲೆ ಹುಷಾರು ಸ್ವಾಮೀ!"

ಕೋರ್ಟಿನೊಳಗೆ ಜಡ್ಜಿಗೂ ಕೇಳಿಸೋ ಹಂಗೆ ಕೂಗಿದ. ಎರಡೂ ಕೈಯಲ್ಲಿ ಹಿಡಿದು, ಮೈಯೆಲ್ಲ ಭಾರ ಬಿಟ್ಟು ಎಳೆದ.

ಈಗ ಚನ್ನಾಜಮ್ಮನ ಕಾರು ದನದ ಆಸ್ಪತ್ರೆ ಮುಂದೆ ನಿಲ್ಲುತ್ತೆ. ಇಡ್ಲಿ ತಿನ್ನೋರು ಕಮ್ಮಿ. ರಾಡು ಮಾತ್ರ ಇವತ್ತಿಗೂ ಗಟ್ಟಿ, ಬಾಗಿಲು ಒಂದು ದಿನವೂ ತಾನಾಗೇ ಬಿದ್ದಿಲ್ಲ. ಬೋರಲಿಂಗ ಪಕ್ಕದಲ್ಲಿ ಕೈಕಟ್ಟಿ ನಿಂತಿರ್ತಾನೆ. "ಯಾಕವ್ವ ನನ್ನ ಬೈತೀಯ? ಕೂಗೇ ಎಳೆದೆನಲ್ಲ!" ಅಂತ ಇವತ್ತಿಗೂ ಕೇಳ್ತಾನೆ.