ಮಾಳಿಗೆಯ ಬಿಸಿಲು, ಅಧ್ಯಕ್ಷರ ಚಪ್ಪರ

ಜೊಂಡುಗೆರೆಯ ದಂಡೆಯಲ್ಲಿ ಪ್ರಾಣಿಪಕ್ಷಿಗಳದೇ ಒಂದು ಪಟ್ಟಣವಿತ್ತು. ಮಕ್ಕಳೇ, ಪಟ್ಟಣ ಎಂದ ಮೇಲೆ ಪುರಸಭೆ, ಪುರಸಭೆ ಎಂದ ಮೇಲೆ ಸಮಿತಿ ಇರಲೇಬೇಕಲ್ಲ. ಆ ಸಮಿತಿಯ ಅಧ್ಯಕ್ಷ ನವಿಲು ಚಿತ್ರಪ್ಪ.

ಊರಿಗೆಲ್ಲ ಸೇರಿ ಒಂದು ಮೊಟ್ಟೆಮನೆ ಇತ್ತು. ಮೇವಿಗೆ ಹೋಗುವ ತಾಯಂದಿರು ಮೊಟ್ಟೆಗಳನ್ನು ಅಲ್ಲಿ ಬಿಡುತ್ತಿದ್ದರು. ವಿದ್ಯುತ್ ದೀಪದ ಶಾಖ ಅವನ್ನು ಬೆಚ್ಚಗಿಡುತ್ತಿತ್ತು. ವಿದ್ಯುತ್ತು ಬರುತ್ತಿದ್ದುದು ಹಳ್ಳದ ನೀರಿಗೆ ತಿರುಗುವ ಚಕ್ರದಿಂದ. ಚಳಿಗಾಲದಲ್ಲಿ ಹಳ್ಳ ಸೊರಗಿದರೆ ದೀಪವೂ ಮಂಕು.

"ಮಾಳಿಗೆ ಮೇಲೆ ಸೋಲಾರ್ ಹಲಗೆ ಹಾಕಿಸಿ" ಎಂದು ಮೊಟ್ಟೆಮನೆ ನೋಡಿಕೊಳ್ಳುವ ನೀರುಕೋಳಿ ಬಸಕ್ಕ ಕೇಳಿದಳು. ಪುರಸಭೆ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಅಲ್ಲಿ ಸಾಕಷ್ಟು ಬಿಸಿಲು ಬೀಳುತ್ತದೆಯೇ ನೋಡಿ ಬರಲು ಚಿತ್ರಪ್ಪನನ್ನು ಕಳಿಸಿತು.

ದೊಡ್ಡವರು ಬರುತ್ತಾರೆಂದರೆ ಚಪ್ಪರ ಹಾಕುವುದು ಆ ಊರಿನ ಪದ್ಧತಿ. ಗೀಜಗ ತಿಮ್ಮಣ್ಣ ಜೊಂಡು ಹೆಣೆದು ಮಾಳಿಗೆಯ ತುಂಬ ಚಪ್ಪರ ಹಾಕಿದ. ಚಿತ್ರಪ್ಪನಿಗೆ ಹಿಡಿಸಿತು. ಬಿಸಿಲಿಗೆ ಗರಿಯ ಬಣ್ಣ ಮಾಸುತ್ತದೆಂಬ ಭಯ ಅವನಿಗೆ ಮೊದಲಿನಿಂದಲೂ ಇತ್ತು.

ಬಿಸಿಲು ಅಳೆಯಲು ಒಂದು ಕರಿಗಲ್ಲು ತಂದಿದ್ದ. ಅದನ್ನು ಚಪ್ಪರದಡಿ ತನಗೆ ಹಾಕಿದ್ದ ಕುರ್ಚಿಯ ಪಕ್ಕದಲ್ಲೇ ಇಡಿಸಿಕೊಂಡ. ನಡುಮಧ್ಯಾಹ್ನ ಅದರ ಮೇಲೆ ಕಾಲಿಟ್ಟು ನೋಡಿದ.

"ತಣ್ಣಗಿದೆ."

"ಸ್ವಾಮಿ, ಕಲ್ಲನ್ನು ಒಂಚೂರು ಆಚೆ ಇಟ್ಟು ನೋಡಿ" ಎಂದಳು ಬಸಕ್ಕ.

"ಆಚೆ ಎಲ್ಲಮ್ಮ? ಮಾಳಿಗೆಯ ತುಂಬ ಚಪ್ಪರವಿದೆಯಲ್ಲ."

"ನಾನೂ ಅದನ್ನೇ ಹೇಳುತ್ತಿರುವುದು."

"ಸಮಿತಿಯ ಕೆಲಸದಲ್ಲಿ ಬಾಯಿ ಹಾಕಬಾರದು."

"ಚಪ್ಪರ ತಂಪಾಗಿತ್ತು ಅಂತ ಒಂದು ಮಾತು ಸೇರಿಸಿ ಸ್ವಾಮಿ" ಎಂದ ತಿಮ್ಮಣ್ಣ.

'ಮಾಳಿಗೆಯಲ್ಲಿ ಬಿಸಿಲಿಲ್ಲ. ಚಪ್ಪರ ತಂಪಾಗಿತ್ತು' ಎಂದು ಚಿತ್ರಪ್ಪ ವರದಿ ಕೊಟ್ಟ. ಸೋಲಾರ್ ಮಾತು ಅಲ್ಲಿಗೆ ನಿಂತಿತು.

ಪುಷ್ಯದ ಚಳಿ ಬಂತು. ಒಂದು ಬೆಳಿಗ್ಗೆ ಚಕ್ರವೇ ನಿಂತು ದೀಪ ಆರಿತು. ಒಳಗಿದ್ದ ಮೊಟ್ಟೆಗಳಲ್ಲಿ ಚಿತ್ರಪ್ಪನ ಹೆಂಡತಿಯವೂ ಇದ್ದವು. ಅವಳು ಕಾಳು ಹುಡುಕಿ ದೂರದ ಹೊಲಕ್ಕೆ ಹೋಗಿದ್ದಳು. ಬಸಕ್ಕ ಚಿತ್ರಪ್ಪನಿಗೇ ಹೇಳಿಕಳಿಸಿದಳು.

"ಬಂದಿರಾ? ಕಾವು ಕೂರಿ."

"ನಾನೇ? ನಮ್ಮ ವಂಶದಲ್ಲಿ ಗಂಡಸರು ಕಾವು ಕೂತದ್ದಿಲ್ಲ."

"ಹಾಗಾದರೆ ವಂಶ ಇಲ್ಲಿಗೇ ನಿಲ್ಲುತ್ತದೆ. ಮುಟ್ಟಿ ನೋಡಿ."

ಮುಟ್ಟಿದ. ಅವನ ಮೊಟ್ಟೆ ಅಂದಿನ ಕರಿಗಲ್ಲಿನಷ್ಟೇ ತಣ್ಣಗಿತ್ತು.

ಚಿತ್ರಪ್ಪ ಗಡಿಬಿಡಿಯಲ್ಲಿ ಕೂತ. ಉದ್ದ ಕಾಲು ಮಡಚಿದರೆ ಬಾಲ ಅಡ್ಡ ಬರುತ್ತಿತ್ತು, ಬಾಲ ಸರಿಸಿದರೆ ಮೊಟ್ಟೆ ಉರುಳುತ್ತಿತ್ತು.

"ಬಸಕ್ಕ, ಎಲ್ಲವನ್ನೂ ಮಾಳಿಗೆಗೆ ಒಯ್ಯೋಣ. ಅಲ್ಲಿ ಒಳ್ಳೆ ಬಿಸಿಲಿದೆ!"

ಹೇಳಿದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು.

"ಚಪ್ಪರವೂ ಇದೆ" ಎಂದಳು ಬಸಕ್ಕ.

ಮೇಲೆ ಹೋಗಿ ನೋಡಿದರೆ ನಿಜ. ತಿಮ್ಮಣ್ಣ ಕೈಕಟ್ಟಿ ನಿಂತಿದ್ದ. "ತೆಗಿ ಅಂತ ತಾವು ಹೇಳಲಿಲ್ಲವಲ್ಲ ಸ್ವಾಮಿ. ಬಿಚ್ಚೋದು ಕಷ್ಟ, ಗಟ್ಟಿಯಾಗಿ ಹೆಣೆದಿದ್ದೀನಿ."

ಚಿತ್ರಪ್ಪ ಕಾಯಲಿಲ್ಲ. ಜೊಂಡನ್ನು ಕೊಕ್ಕಿನಿಂದ ಹಿಡಿದೆಳೆದ. ಕಂಬಕ್ಕೆ ಸಿಕ್ಕಿ ಅರ್ಧ ಬಾಲ ಕಿತ್ತುಬಂತು. ಅವನು ಹಿಂದಿರುಗಿ ನೋಡಲಿಲ್ಲ. ಚಪ್ಪರ ಬಿತ್ತು. ಕುರ್ಚಿಯ ಪಕ್ಕದಲ್ಲೇ ಉಳಿದಿದ್ದ ಕರಿಗಲ್ಲಿನ ಮೇಲೆ ಬಿಸಿಲು ಬಿತ್ತು. ಅದರ ಸುತ್ತ ಒಣಹುಲ್ಲು ಹಾಸಿ ಮೊಟ್ಟೆಗಳನ್ನು ಸಾಲಾಗಿಟ್ಟರು.

ಮಧ್ಯಾಹ್ನ ಚಿತ್ರಪ್ಪ ಕಲ್ಲಿನ ಮೇಲೆ ಕಾಲಿಟ್ಟು, ಎಗರಿ ಬಿದ್ದ.

"ಸಮಿತಿಯ ಅಭಿಪ್ರಾಯ?" ಎಂದಳು ಬಸಕ್ಕ.

"ಸುಡುತ್ತಮ್ಮಾ!"

ಸಂಜೆ ಹೆಂಡತಿ ಬಂದಾಗ ಮೊಟ್ಟೆಗಳು ಬೆಚ್ಚಗಿದ್ದವು. ಒಂದರೊಳಗಿನಿಂದ ಟಕ್ ಎಂದು ಸದ್ದು ಬಂತು. ಚಿತ್ರಪ್ಪ ಅಲ್ಲೇ ಕೂತು ವರದಿ ತಿದ್ದಿದ: 'ಮಾಳಿಗೆಯಲ್ಲಿ ಬಿಸಿಲಿದೆ. ಮೊದಲೂ ಇತ್ತು. ನಡುವೆ ನಾವು ಬಂದಿದ್ದೆವು.'

ಪುರಸಭೆ ಇದನ್ನೂ ಪರೀಕ್ಷಿಸಲು ಉಪಾಧ್ಯಕ್ಷರನ್ನು ಕಳಿಸಿತು. ತಿಮ್ಮಣ್ಣ ಜೊಂಡಿನ ಹೊರೆ ಹೊತ್ತು ಮಾಳಿಗೆಗೆ ಹೊರಟ. ಮೆಟ್ಟಿಲ ಮೇಲೆ, ಉರಿಬಿಸಿಲಲ್ಲಿ, ಅರ್ಧ ಬಾಲದ ಚಿತ್ರಪ್ಪ ಅಡ್ಡ ಕೂತಿದ್ದ.

ನೀತಿ: ಬಿಸಿಲು ಅಳೆಯಲು ಹೋದವರು ಮೊದಲು ಬಿಸಿಲಿಗೆ ನಿಲ್ಲಬೇಕು.