ಬೇಕೆಂದೇ ಸೋತ ಬೆಕ್ಕುಗಳು

ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿನ ಪಟ್ಟಿ ನೋಡಿ ಬೆಕ್ಕುಗಳ ಕ್ಯಾಪ್ಟನ್ ಚುಕ್ಕಿ ಲೆಕ್ಕ ಹಾಕಿದಳು. ಕೊನೆಯ ಲೀಗ್ ಪಂದ್ಯ ಗೆದ್ದು ಗುಂಪಿಗೆ ಮೊದಲಿಗರಾದರೆ, ಸೆಮಿಫೈನಲ್‌ನಲ್ಲಿ ಇನ್ನೊಂದು ಗುಂಪಿನ ಎರಡನೆಯವರು ಎದುರಾಗುತ್ತಾರೆ. ಸದ್ಯ ಆ ಸ್ಥಾನದಲ್ಲಿ ಕೂತಿರುವುದು ಜನ್ಮವೈರಿ ನಾಯಿಗಳು!

"ಮೊಲಗಳಿಗೆ ಸೋತು ಎರಡನೆಯವರಾಗಿಬಿಡೋಣ ಕಣ್ರೇ. ಚೆಂಡು ರಿಂಗಿಗೆ ಬಡಿದು ಆಚೆ ಬಿದ್ದರೆ ಸಾಕು" ಅಂದಳು ಚುಕ್ಕಿ. ಹಾಗೇ ಸೋತರು.

ಅಷ್ಟರಲ್ಲಿ ಪಕ್ಕದ ಅಂಕಣದಿಂದ ನಾಯಿಗಳ ಕ್ಯಾಪ್ಟನ್ ಕೆಂಚ ಏದುಸಿರು ಬಿಡುತ್ತ ಬಂದ. "ಏನಕ್ಕಾ, ಮೊಲಗಳಿಗೆ ಸೋತ್ರಂತೆ? ನಿಮ್ಮ ಕೈಗೆ ಸಿಕ್ಕಿಬೀಳಬಾರದು ಅಂತ ನಾವು ಪ್ರಾಣ ಬಿಟ್ಟು ಆಡಿ ಮೊದಲಿಗರಾಗಿದ್ದೀವಲ್ಲ!"

ಮರುದಿನ ಬೆಕ್ಕಿಗೂ ನಾಯಿಗೂ ಸೆಮಿಫೈನಲ್. ಕೊನೇ ಗಳಿಗೆ, ಒಂದೇ ಅಂಕದ ಹಿನ್ನಡೆ, ಚೆಂಡು ಚುಕ್ಕಿಯ ಕೈಯಲ್ಲಿ. ಗುರಿಯಿಟ್ಟು ಎಸೆದಳು. ಚೆಂಡು ನಿನ್ನೆ ಕಲಿತ ಹಾಗೇ ರಿಂಗಿಗೆ ಬಡಿದು ಆಚೆ ಬಿತ್ತು.