ಅಜ್ಜಾರ ಗುಳಿಗೆ

ಹೊಳೆದಂಡೆಯ ಸಣ್ಣ ಮಠವೊಂದರಲ್ಲಿ ಗುರುಸಿದ್ಧಜ್ಜ ಇದ್ದರು. ಅವರ ಕೊನೆಯ ಶಿಷ್ಯ ಅಡಿವೆಪ್ಪ. ಹದಿನೇಳರ ಹುಡುಗ; ಹಗಲು ಊರ ಕಾಲೇಜು, ಉಳಿದ ಹೊತ್ತು ಗುರುಸೇವೆ.

ಅಜ್ಜಾರಿಗೆ ಎಲುಬಿನ ಕ್ಯಾನ್ಸರ್. ವಾಸಿಯಾಗುವ ಮಾತಿರಲಿಲ್ಲ. ನೋವಾದರೂ ಕಡಿಮೆಯಾಗಲಿ ಎಂದು ಡಾಕ್ಟರು ಜೋರಾದ ಗುಳಿಗೆ ಬರೆದುಕೊಟ್ಟಿದ್ದರು. ಹೊತ್ತಿಗೆ ಸರಿಯಾಗಿ ಕೊಡುವ ಕೆಲಸ ಅಡಿವೆಪ್ಪನದು.

ಬೇಲಿಯೇ ಎದ್ದು ಹೊಲ ಮೇಯಿತು.

ಹಿಂದಿನ ವರ್ಷ ಕಬಡ್ಡಿಯಲ್ಲಿ ಹುಡುಗನ ಕಾಲು ಮುರಿದಾಗ ಅವನಿಗೂ ಇಂಥದೇ ಗುಳಿಗೆ ಕೊಟ್ಟಿದ್ದರು. ಕಾಲು ನೆಟ್ಟಗಾಯಿತು. ಆದರೆ ಆ ಗುಳಿಗೆ ನುಂಗಿದಾಗ ಪರೀಕ್ಷೆಯ ಭಯ, ಸತ್ತ ತಾಯಿಯ ನೆನಪು ಎಲ್ಲ ದೂರ ಸರಿಯುತ್ತಿದ್ದವು. ಅದನ್ನು ಅವನು ಮರೆಯಲಿಲ್ಲ. ಡಾಕ್ಟರು ಬರೆದ ಔಷಧ, ಗಾಂಜಾ ಅಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕಳ್ಳನಿಗೊಂದು ಪಿಳ್ಳೆ ನೆವ.

ಅಜ್ಜಾರ ಗುಳಿಗೆ ತಾನು ನುಂಗಿದ. ಅವರ ಅಂಗೈಗೆ ಅದೇ ಬಣ್ಣದ ಕ್ಯಾಲ್ಸಿಯಂ ಗುಳಿಗೆ ಇಟ್ಟ. ಅಜ್ಜಾರು ಒಮ್ಮೆ ಅವನ ಮುಖ ನೋಡಿ ನೀರಿನ ಜೊತೆ ನುಂಗಿದರು.

ಹೀಗೇ ಇಪ್ಪತ್ತು ದಿನ ಕಳೆಯಿತು. ಅಜ್ಜಾರು ನರಳುತ್ತಿದ್ದರು. ಪಕ್ಕದ ಚಾಪೆಯಲ್ಲಿ ಅಡಿವೆಪ್ಪ ಪುಸ್ತಕ ಎದೆಯ ಮೇಲಿಟ್ಟುಕೊಂಡು ತೂಕಡಿಸುತ್ತಿದ್ದ. ಅಡುಗೆಯ ಈರಮ್ಮ ಒಲೆ ಬಿಟ್ಟು ಓಡಿಬಂದು ಅವರ ಕಾಲು ಒತ್ತುತ್ತಿದ್ದಳು. ಇವನಿಗೆ ಯಾವುದೂ ತಾಕುತ್ತಿರಲಿಲ್ಲ. ಈ ಕಥೆ ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಆದರೆ ತಾಯಿಯಿಲ್ಲದ ಹುಡುಗನ ಮೇಲೆ ಎಷ್ಟು ಹೊತ್ತು ಸಿಟ್ಟಿರಲು ಸಾಧ್ಯ?

ಡಾಕ್ಟರು ಬಂದರು. ನೋವು ಒಂದಿಷ್ಟೂ ಇಳಿಯದ್ದು ಕಂಡು ಚಿಂತೆಪಟ್ಟರು. ಇನ್ನೂ ಜೋರಾದ ಗುಳಿಗೆ ಬರೆದು, ಚೀಟಿಯನ್ನು ಅಡಿವೆಪ್ಪನ ಕೈಗೆ ಕೊಟ್ಟು ಹೊರಟರು.

ಚೀಟಿ ಓದಿದ ಹುಡುಗನಿಗೆ ಖುಷಿಯಾಯಿತು.

ಮರುಗಳಿಗೆಯಲ್ಲೇ ಆ ಖುಷಿಗೆ ಅವನೇ ಹೆದರಿದ. ಗುರುವಿನ ನೋವು ಹೆಚ್ಚಿತೆಂದು ಹಿಗ್ಗಿದ್ದ. ಮಂಚದ ಬಳಿ ಕುಸಿದು ಕೂತು ಎಲ್ಲವನ್ನೂ ಹೇಳಿಬಿಟ್ಟ. ಬಿಡಬೇಕೆಂದು ಎರಡು ಸಲ ಪ್ರಯತ್ನಪಟ್ಟದ್ದನ್ನೂ, ಮೈ ನಡುಗಿ ವಾಂತಿಯಾಗಿ ಮತ್ತೆ ನುಂಗಿದ್ದನ್ನೂ ಹೇಳಿದ.

ಅಜ್ಜಾರು ಮೊದಲು ಈರಮ್ಮನನ್ನು ಕರೆದು, ಡಾಕ್ಟರ ಗಾಡಿ ಹೊಳೆ ದಾಟುವುದರೊಳಗೆ ನಿಲ್ಲಿಸಲು ಹೇಳಿದರು.

"ಭಾಳ ತ್ರಾಸ ಆಗೇತೇನ್ರಿ ನಿಮಗ?" ಅಂದಳು ಅವಳು.

"ನನಗಲ್ಲವ್ವಾ. ಈ ಹುಡುಗಗ."

ಈರಮ್ಮ ಓಡಿದಳು. ಅಡಿವೆಪ್ಪ ತಲೆಯೆತ್ತಲಿಲ್ಲ. ಹಾಗೇ ಕೇಳಿದ.

"ಗುಳಿಗಿ ಬದಲಾಗಿದ್ದು ನಿಮಗ ಗೊತ್ತಾಗಲಿಲ್ಲೇನ್ರಿ, ಅಜ್ಜಾರ?"

"ಮೊದಲನೇ ದಿನಾನ ಗೊತ್ತಾತು."

"ಮತ್ತ ಯಾಕ ಸುಮ್ಮನಿದ್ರಿ?"

ಅಜ್ಜಾರು ಹುಡುಗನ ತಲೆಯ ಮೇಲೆ ಕೈಯಿಟ್ಟರು.

"ಸುಮ್ಮನ ಎಲ್ಲಿದ್ದೆ, ತಮ್ಮಾ? ಇಪ್ಪತ್ತು ದಿನ ನಿನ್ನ ಮಗ್ಗಲಾಗ ನರಳಿದೆನಲ್ಲ."